ಗದಗ ಬಸ್‌ಸ್ಟ್ಯಾಂಡಿನ ಧ್ವನಿ

ಸೂರ್ಯನಿಗೆ ಒಂದು ದಿನ ಸಿಟ್ಟು ಬಂತು ಅಂತ ಇಟ್ಟುಕೊಳ್ಳಿ. ಉರಿಯುವುದು ಅವನ ದಿನದ ಕೆಲಸ, ಅದರಲ್ಲಿ ಹೊಸದೇನಿಲ್ಲ. ಆ ದಿನ ಮಾತ್ರ ಅವನ ಮೈಯಿಂದ ಎದ್ದ ಬಿರುಗಾಳಿ ನೆಟ್ಟಗೆ ಭೂಮಿಗೆ ಬಂದು ಬಡಿಯಿತು. ಗದಗಿನ ಜನ ಸಂಜೆ ಮಾಳಿಗೆ ಹತ್ತಿ, ಆಕಾಶದ ತುಂಬ ಹಸಿರು ಕೆಂಪು ಬೆಳಕು ಹರಿದಾಡುವುದನ್ನು ನೋಡಿ, "ಎಷ್ಟ ಚಂದ ಐತಲ್ಲ!" ಅಂದರು. ಚಂದ ನೋಡಿ ಕೆಳಗಿಳಿಯುವಷ್ಟರಲ್ಲಿ ಕೈಯಲ್ಲಿದ್ದ ಫೋನುಗಳು ಬರೀ ಗಾಜಿನ ಬಿಲ್ಲೆಗಳಾಗಿದ್ದವು. ಫೋಟೋ ಹೋದವು, ಹಾಡು ಹೋದವು. ತೀರಿಕೊಂಡವರ ಧ್ವನಿಗಳು ಇನ್ನೊಮ್ಮೆ ತೀರಿಕೊಂಡವು.

ಉಳಿದದ್ದು ಕಾಗದ, ಮತ್ತೆ, ಯಾರೂ ಲೆಕ್ಕಕ್ಕೇ ಇಟ್ಟಿರದಿದ್ದ ಸಿಡಿ. ಸಿಡಿಯಲ್ಲಿ ವಿದ್ಯುತ್ತಿಲ್ಲ, ಅಯಸ್ಕಾಂತವಿಲ್ಲ. ಪ್ಲಾಸ್ಟಿಕ್ಕಿನ ಬಿಲ್ಲೆಯೊಳಗೆ ಸುರುಳಿಯಾಗಿ ಸಾಗಿದ ಸಣ್ಣ ಸಣ್ಣ ಗುರುತುಗಳು, ಅಷ್ಟೆ. ಸೂರ್ಯನ ಹೊಡೆತ ಅವಕ್ಕೆ ನಾಟಲಿಲ್ಲ. ಜನ ಲಾರಿಗಳ ಹಿಂದೆ ಕಟ್ಟಿದ್ದ ಸಿಡಿ ಬಿಚ್ಚಿದರು, ಜೋಳದ ಹೊಲದಲ್ಲಿ ಹಕ್ಕಿ ಬೆದರಿಸಲು ತೂಗುಬಿಟ್ಟಿದ್ದ ಸಿಡಿ ಇಳಿಸಿ ಸೆರಗಿನಿಂದ ಒರೆಸಿದರು. ಆದರೆ ಓದುವುದು ಹೇಗೆ? ಅದಕ್ಕೆ ಲೇಸರ್ ಬೇಕು. ಲೇಸರ್ ಅಂದರೆ ಸಾಸಿವೆ ಕಾಳಿಗಿಂತ ಸಣ್ಣದೊಂದು ಹರಳು. ಅದನ್ನು ಬೆಳೆಸುತ್ತಿದ್ದ ಕಾರ್ಖಾನೆಗಳು ದೂರದ ದೇಶಗಳಲ್ಲಿ ಕತ್ತಲಾಗಿ ಕೂತಿದ್ದವು. ಅಟ್ಟದ ಮೇಲೆ, ತಂತಿ ಬಿಚ್ಚಿ ಎಸೆದಿದ್ದ ಹಳೆಯ ಪ್ಲೇಯರುಗಳಲ್ಲಿ ಜೀವಂತ ಸಿಕ್ಕಷ್ಟೇ ಲೇಸರುಗಳು ಮನುಷ್ಯರ ಪಾಲಿಗೆ ಉಳಿದವು. ಬಳಸಿದಷ್ಟೂ ಅವು ಮಂಕಾಗುತ್ತಿದ್ದವು, ಹೊಸದು ಬರುವ ಮಾತೇ ಇರಲಿಲ್ಲ.

ನೀಲಗಂಗಾ ಇಂಥ ಲೇಸರುಗಳ ವೈದ್ಯೆ. ಮುಳಗುಂದ ನಾಕಾದ ಹತ್ತಿರ ಇದ್ದ ಜಿಲ್ಲಾ ಓದು ಕೇಂದ್ರದಲ್ಲಿ ಅವಳಿಗೆ ಕೆಲಸ. ವೈದ್ಯೆ ಅನ್ನುವುದಕ್ಕಿಂತ ಸಾಯುವವರ ಹಾಸಿಗೆಯ ಪಕ್ಕ ಕೂತವಳು ಅನ್ನುವುದು ಸರಿ. ಕೇಂದ್ರದ ಲೇಸರುಗಳು ಒಂದೊಂದಾಗಿ ಅವಳ ಕಣ್ಣೆದುರೇ ಆರಿದವು. ಕೊನೆಯದು ಹೋದ ದೀಪಾವಳಿಯ ಹೊತ್ತಿಗೆ ಆರಿತು. ಆಮೇಲೆ ಇಡೀ ಜಿಲ್ಲೆಯಲ್ಲಿ ಓದುವ ಯಂತ್ರ ಅಂತ ಉಳಿದದ್ದು ಒಂದೇ, ಅದು ಬೆಟಗೇರಿಯಲ್ಲಿ ಅವಳ ಮನೆಯ ಗೋಡೆಯೊಳಗಿನ ಮಾಡದಲ್ಲಿತ್ತು.

ಅದು ಅವಳದಲ್ಲ, ಅವಳ ಅತ್ತೆ ಬಸಲಿಂಗವ್ವನದು.

ನೀಲಗಂಗಾಳ ಗಂಡ ಮುರಿಗೆಪ್ಪ ಒಂದು ಕಾಲಕ್ಕೆ ಗದಗ ಬಸ್‌ಸ್ಟ್ಯಾಂಡಿನ ಧ್ವನಿಯಾಗಿದ್ದ. ಯಾವ ಬಸ್ಸು ಯಾವ ಅಂಕಣದಲ್ಲಿ ನಿಂತಿದೆ ಅಂತ ಮೈಕಿನಲ್ಲಿ ಹೇಳುವುದು ಅವನ ಕೆಲಸ. ಹೇಳುವುದೇನು ಮಹಾ, ಆದರೆ ಅವನು 'ಗಜೇಂದ್ರಗಡ' ಅಂದರೆ ಊರು ಎದ್ದು ಬಂದು ಎದುರಿಗೆ ನಿಂತ ಹಾಗಿರುತ್ತಿತ್ತು. ನೀಲಗಂಗಾ ಕಾಲೇಜಿಗೆ ಹೋಗುವಾಗ ಅವನನ್ನು ನೋಡಿದ್ದಕ್ಕಿಂತ ಮೊದಲು ಕೇಳಿದ್ದಳು. ಸೂರ್ಯ ಹೊಡೆದ ಮರುವರ್ಷ ಅವನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಡಾಕ್ಟರು ಜೀವ ಉಳಿಸಿದರು, ಧ್ವನಿಪೆಟ್ಟಿಗೆಯನ್ನು ತೆಗೆದರು. ಈಗ ಅದೇ ಬಸ್‌ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಬರೆದ ಹಲಗೆ ಎತ್ತಿ ಹಿಡಿದು ನಿಲ್ಲುತ್ತಾನೆ.

ಮಗನ ಧ್ವನಿ ಹೋಗುವ ಹೊತ್ತಿಗೆ ಬಸಲಿಂಗವ್ವನ ಕಣ್ಣೂ ಪೂರ್ತಿ ಹೋಗಿದ್ದವು. ನೋಡಿ, ದೇವರ ಲೆಕ್ಕ ಹೀಗಿರುತ್ತದೆ: ಕಾಣದ ತಾಯಿಗೆ ಮಾತಾಡದ ಮಗ. ಅವನು ಬಂದು ಕೈ ಹಿಡಿದರೆ ಆಕೆ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, "ಹೂಂ, ನೀನ ಬಿಡು" ಅನ್ನುತ್ತಿದ್ದಳು. ಆದರೆ ಆಕೆಯ ಮಗ ಪೂರ್ತಿಯಾಗಿ ಇದ್ದದ್ದು ಆ ಪ್ಲೇಯರಿನಲ್ಲಿ. ಬಸ್‌ಸ್ಟ್ಯಾಂಡಿನ ಹಳೆಯ ಸಾಮಾನು ಹೊರಹಾಕಿದಾಗ ಮುರಿಗೆಪ್ಪನಿಗೆ ಒಂದು ಸಿಡಿ ಸಿಕ್ಕಿತ್ತು; ಅವನು ರಜೆ ಹಾಕಿದ ದಿನ ಹಚ್ಚಲಿ ಅಂತ ಅವನ ಪ್ರಕಟಣೆಗಳನ್ನೇ ತುಂಬಿಟ್ಟಿದ್ದ ಸಿಡಿ. ದಿನಾ ಸಂಜೆ ಅವನು ಗುಂಡಿ ಒತ್ತುತ್ತಿದ್ದ, ಆಕೆ ಮಾಡದ ಕೆಳಗೆ ಕೂತು ಕೇಳುತ್ತಿದ್ದಳು.

"ಪ್ರಯಾಣಿಕರ ಗಮನಕ್ಕೆ. ರೋಣದ ಮೇಲೆ ಗಜೇಂದ್ರಗಡಕ್ಕೆ ಹೋಗುವ ಬಸ್ಸು ಮೂರನೆಯ ಅಂಕಣದಲ್ಲಿ ನಿಂತಿದೆ."

"ಹೋಗ್ಲಿ, ಹೋಗ್ಲಿ, ಸೀಟು ಹಿಡೀರಿ," ಅಂತ ಬಸಲಿಂಗವ್ವ ನಗುತ್ತಿದ್ದಳು. ಆಮೇಲೆ ಕೆಂಡದ ಮೇಲೆ ಲೋಬಾನ ಹಾಕಿ ಮನೆಯ ಮೂಲೆ ಮೂಲೆಗೂ ಹೊಗೆ ತೋರಿಸುವಳು. ಮಗನ ಧ್ವನಿಗೆ ಊರೆಲ್ಲ ಮರುಳಾಗಿತ್ತು, ಅದಕ್ಕೇ ದೃಷ್ಟಿ ತಾಗಿ ಹೋಯಿತು ಅಂತ ಆಕೆಯ ನಂಬಿಕೆ. ಉಳಿದಷ್ಟಕ್ಕಾದರೂ ದೃಷ್ಟಿ ತಾಗಬಾರದಲ್ಲ. ಕೇಂದ್ರದಿಂದ ತಡವಾಗಿ ಬರುವ ನೀಲಗಂಗಾಳಿಗೆ ಮನೆ ಹೊಕ್ಕರೆ ಮಠ ಹೊಕ್ಕಂತಾಗುತ್ತಿತ್ತು, ಆ ವಾಸನೆ ಅವಳಿಗೂ ಇಷ್ಟ.

ಆ ಪ್ಲೇಯರನ್ನು ಕೇಂದ್ರಕ್ಕೆ ಕೊಡು ಅಂತ ಕೇಂದ್ರದ ಮುಖ್ಯಸ್ಥೆ ಇನಾಮದಾರ ಮೇಡಂ ಒಂದು ದಿನವೂ ಕೇಳಲಿಲ್ಲ. ಅದು ಅವರ ದೊಡ್ಡತನ.

ಹೀಗಿರುವಾಗ ಜಿಲ್ಲೆಗೆ ಅಚ್ಚಿನ ಯಂತ್ರ ಬಂತು, ಕಾಗದದ ಅಚ್ಚಲ್ಲ, ಧ್ವನಿಯ ಅಚ್ಚು. ಸುಡದೆ ಉಳಿದ ಹಳೆಯ ಕಂಪ್ಯೂಟರ್ ಚಿಪ್ಪುಗಳನ್ನೆಲ್ಲ ಕೂಡಿಸಿ ಕಟ್ಟಿದ, ಊರಿಂದ ಊರಿಗೆ ತಿರುಗುವ ಯಂತ್ರ. ಧ್ವನಿ ಕಳೆದುಕೊಂಡವರ ಕೊರಳಿಗೆ ಒಂದು ಪಟ್ಟಿ ಕಟ್ಟುತ್ತಾರೆ. ನಾಲಿಗೆ ದವಡೆ ಆಡಿದ ಹಾಗೆ ಪಟ್ಟಿ ಮಾತಾಡುತ್ತದೆ. ಯಾವ ಧ್ವನಿಯಲ್ಲಿ? ಆ ಮನುಷ್ಯನ ಹಳೆಯ ಮಾತು ಅರ್ಧ ಗಂಟೆಯಷ್ಟು ಸಿಕ್ಕರೆ ಯಂತ್ರ ಅದರಿಂದ ಅಚ್ಚು ತೆಗೆದು ಅವನ ಧ್ವನಿಯನ್ನೇ ಪಟ್ಟಿಗೆ ತುಂಬುತ್ತದೆ. ಸಿಗದಿದ್ದರೆ ಎಲ್ಲರಿಗೂ ಒಂದೇ ಧ್ವನಿ. ಜನ ಅದಕ್ಕೆ ಸರಕಾರಿ ಧ್ವನಿ ಅಂತ ಹೆಸರಿಟ್ಟಿದ್ದರು. ನುಣುಪಾದ, ವಾರ್ತೆ ಓದಿದಂಥ, ಯಾವ ಊರಿಗೂ ಸೇರದ ಧ್ವನಿ. ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವವನದೂ ಅದೇ, ನಿವೃತ್ತ ಹೆಡ್‌ಮಾಸ್ತರರದೂ ಅದೇ. ಚಹಾದಂಗಡಿಯಲ್ಲಿ ಇಬ್ಬರು ಅದೇ ಧ್ವನಿಯಲ್ಲಿ ಜಗಳಾಡಿದರೆ ಒಬ್ಬನೇ ತನ್ನನ್ನು ಬೈದುಕೊಂಡ ಹಾಗೆ ಕೇಳುತ್ತಿತ್ತು.

ಮುರಿಗೆಪ್ಪನ ಹತ್ತಿರ ಅರ್ಧ ಗಂಟೆ ಏನು, ಒಂದು ತಾಸಿನ ಮಾತು ಇತ್ತು. ಸುದ್ದಿ ಕೇಳಿ ಬಸಲಿಂಗವ್ವ ಎದ್ದು ಮಗನ ಮುಖ ಸವರಿದಳು. "ಅವ್ವಾ ಅಂತ ಕರೀತೀಯಲ್ಲೋ! ಬಸ್ಸಿನ ಹೆಸರು ಕೇಳಿ ಕೇಳಿ ಸಾಕಾಗೇತಿ. ಒಮ್ಮೆ ಅವ್ವಾ ಅನ್ನು, ಆಮ್ಯಾಲೆ ನಾ ಸತ್ರೂ ಅಡ್ಡಿಯಿಲ್ಲ."

ಆ ಸಂಜೆಯೇ ಪ್ಲೇಯರು ಓದುವುದನ್ನು ನಿಲ್ಲಿಸಿತು.

ಮೂರ್ನಾಲ್ಕು ದಿನದಿಂದ ಅದು ತೊದಲುತ್ತಿತ್ತಂತೆ. ಈಗ ಸಿಡಿ ಒಳಗೆ ಹೋಗುತ್ತದೆ, ಒಮ್ಮೆ ಮಿಸುಕುತ್ತದೆ, ನಿಲ್ಲುತ್ತದೆ. ಎದುರಿನ ಪುಟ್ಟ ಪರದೆಯ ಮೇಲೆ ಡಿಸ್ಕ್ ಇಲ್ಲ ಅಂತ ಇಂಗ್ಲಿಷಿನಲ್ಲಿ ಅಕ್ಷರ ಮೂಡುತ್ತವೆ.

"ಏನಾತ?" ಅಂದಳು ಬಸಲಿಂಗವ್ವ.

"ಏನಿಲ್ಲ ಅತ್ತಿ, ದಣಿದೈತಿ," ಅಂದಳು ನೀಲಗಂಗಾ. ಮನಸ್ಸಿನಲ್ಲಿ ದಿನ ಎಣಿಸಿದಳು. ಅಚ್ಚಿನ ಯಂತ್ರ ಸೋಮವಾರ ವಿಜಯಪುರಕ್ಕೆ ಹೋಗುವುದಿತ್ತು, ಮತ್ತೆ ಯಾವ ಕಾಲಕ್ಕೆ ಬರುವುದೋ.

ಮರುದಿನ ಪ್ಲೇಯರನ್ನು ಕೂಸಿನ ಹಾಗೆ ಶಾಲಿನಲ್ಲಿ ಸುತ್ತಿಕೊಂಡು ಕೇಂದ್ರಕ್ಕೆ ಒಯ್ದಳು. ಮುರಿಗೆಪ್ಪ ಹಿಂದೆಯೇ ಬಂದ. ನಾನೂ ಬರ್ತೀನಿ ಅಂತ ಬಸಲಿಂಗವ್ವ ಹಟ ಹಿಡಿದದ್ದರಿಂದ ಆಕೆಯೂ ಟಾಂಗಾದಲ್ಲಿ ಬಂದು, ಪ್ರಯೋಗಶಾಲೆಯ ಮೂಲೆಯ ಕುರ್ಚಿಯಲ್ಲಿ ಕಾಲು ಮಡಚಿ ಕೂತಳು. ಮೇಜಿನ ಆ ಕಡೆ ಇನಾಮದಾರ ಮೇಡಂ. ಪಕ್ಕದಲ್ಲಿ ಅಚ್ಚಿನ ಯಂತ್ರ ಹಸಿರು ದೀಪ ಹಚ್ಚಿಕೊಂಡು ಕಾಯುತ್ತಿತ್ತು.

ನೀಲಗಂಗಾ ಮೇಲಿನ ಮುಚ್ಚಳ ಬಿಚ್ಚಿದಳು. ಸಿಡಿ ತಿರುಗಿಸುವ ಮೋಟಾರು ಚೆನ್ನಾಗಿದೆ. ತಟ್ಟೆ ಎಳೆಯುವ ರಬ್ಬರ್ ಬೆಲ್ಟು ಬಿಗಿಯಾಗಿದೆ. ಲೇಸರ್ ಕೂತ ಗಾಡಿ ಹಳಿಯ ಮೇಲೆ ಸಲೀಸಾಗಿ ಓಡುತ್ತಿದೆ. ಸಿಡಿ ಇಟ್ಟು ಗುಂಡಿ ಒತ್ತಿದರೆ ಮಸೂರ ಮೇಲೆ ಕೆಳಗೆ ಆಡಿ ಬಿಲ್ಲೆಯನ್ನು ಹುಡುಕುತ್ತದೆ, ಸಿಗದೆ ಸುಮ್ಮನಾಗುತ್ತದೆ. ಅವಳು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಮಸೂರದ ಮೇಲ್ಮೈ ಒರೆಸಿದಳು. ಆದರೂ ಅದೇ ಕಥೆ.

ಬೆಳಕಿನ ಮಾಪಕ ಹಿಡಿದಳು. ಇರಬೇಕಾದ ಬೆಳಕಿನ ಅರ್ಧವೂ ಮಸೂರದಿಂದ ಹೊರಬರುತ್ತಿರಲಿಲ್ಲ.

"ಹರಳು ಮುಪ್ಪಾಗೇತ್ರಿ ಮೇಡಂ," ಅಂದಳು.

ಮೇಡಂ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಇಲ್ಲಾ ದಾರಿ ಹೊಲಸಾಗೇತಿ. ಹರಳಿನ ಬೆಳಕು ಅಡ್ಡ ಬಂದು, ಕೆಳಗಿನ ಕನ್ನಡಿಗೆ ಬಡಿದು, ಆಮ್ಯಾಲಲ್ಲ ಮಸೂರಕ್ಕ ಏರೂದು? ಕನ್ನಡಿ ನೋಡೂಣೇನು?"

"ಕನ್ನಡಿ ಗೂಡಿನ್ಯಾಗ ಇರ್ತೈತ್ರಿ. ಅಲ್ಲಿ ಧೂಳು ಹೋಗೂದಿಲ್ಲ. ನಮ್ಮಲ್ಲಿ ಇಷ್ಟು ಬಿಚ್ಚೀವಿ, ಒಂದರಾಗಾದ್ರೂ ಕನ್ನಡಿ ಹೊಲಸಿತ್ತೇನ್ರಿ?"

ಇರಲಿಲ್ಲ, ಅದು ನಿಜ. ಕೇಂದ್ರದಲ್ಲಿ ಗಾಳಿಯನ್ನು ಸೋಸಿ ಒಳಗೆ ಬಿಡುತ್ತಿದ್ದರು, ಚಪ್ಪಲಿ ಹೊರಗೆ ಬಿಟ್ಟು ಬರುತ್ತಿದ್ದರು. ಅಲ್ಲಿ ಬೆಳಕು ಕಡಿಮೆಯಾಯಿತೆಂದರೆ ಹರಳು ಸಾಯುತ್ತಿದೆ ಎಂದೇ ಅರ್ಥ.

"ಕರೆಂಟು ಎಷ್ಟ ಎಳೀತೈತಿ ನೋಡಿದ್ಯಾ? ಮುಪ್ಪಾದ ಹರಳು ಹೆಚ್ಚಿಗಿ ಎಳೀತೈತಿ, ಮೈಮ್ಯಾಲಿನ ಚೀಟಿಗೆ ಹೋಲಿಸಿದ್ರ ಗೊತ್ತಾಗ್ತೈತಿ."

"ಚೀಟಿ ಮ್ಯಾಲಿನ ಅಂಕಿ ಅಳಿಸಿ ಹೋಗ್ಯಾವ್ರಿ. ಯಾವುದಕ್ಕ ಹೋಲಿಸೂದ್ರಿ?"

ಇನ್ನು ದಾರಿ ಎರಡು. ಮಸೂರವನ್ನು ಎತ್ತಿ ಕನ್ನಡಿ ನೋಡುವುದು ಒಂದು. ಆದರೆ ಮಸೂರ ನೇತಾಡುವುದು ಕೂದಲಿನಷ್ಟು ತೆಳ್ಳಗಿನ ನಾಲ್ಕು ತಂತಿಗಳ ಮೇಲೆ. ಒಂದು ತುಂಡಾದರೂ ಎಲ್ಲಾ ಮುಗಿಯಿತು. ಇನ್ನೊಂದು ದಾರಿ, ಲೇಸರಿನ ಪಕ್ಕದಲ್ಲಿದ್ದ ಪುಟ್ಟ ತಿರುಪು. ಅದನ್ನು ತಿರುಗಿಸಿದರೆ ಹರಳಿಗೆ ಹೆಚ್ಚು ವಿದ್ಯುತ್ ಹೋಗುತ್ತದೆ. ಮುಪ್ಪಾದ ಹರಳು ಒಂದು ತಾಸೋ ಎರಡು ತಾಸೋ ಹುಮ್ಮಸ್ಸಿನಿಂದ ಬೆಳಗಿ ಆಮೇಲೆ ಸಾಯುತ್ತದೆ. ಕೇಂದ್ರದಲ್ಲಿ ಎಷ್ಟೋ ಸಿಡಿಗಳನ್ನು ಕೊನೆಯ ಸಲ ಓದಿದ್ದು ಹೀಗೆಯೇ. ಅವರಿಗೆ ಬೇಕಾದದ್ದು ಅರ್ಧ ತಾಸು.

ನೀಲಗಂಗಾ ಗಂಡನ ಕಡೆ ತಿರುಗಿದಳು. "ತಿರುಪು ತಿರುವಿದ್ರ ಪ್ಲೇಯರು ಉಳಿಯೂದಿಲ್ರಿ. ನಿಮ್ಮ ಧ್ವನಿ ಪಟ್ಟಿಗೆ ಬರ್ತೈತಿ. ಬಿಚ್ಚಿದ್ರ ಎರಡೂ ಹೋಗಬಹುದು. ನನಗ ತಿರುಪ ಸರಿ ಅನಸ್ತೈತಿ. ನೀವು ಹೂಂ ಅಂದ್ರ ಮಾಡ್ತೀನಿ."

ಮುರಿಗೆಪ್ಪ ಅವ್ವನ ಕಡೆ ನೋಡಿದ. ಆಮೇಲೆ ಮೇಜಿನ ಮೇಲೆ ಬೆರಳಿನಿಂದ ಎರಡು ಸಲ ಬಡಿದ. ಹಾಗೆ ಬಡಿದರೆ ಅವರ ಮನೆಯಲ್ಲಿ ಹೂಂ ಎಂದರ್ಥ.

ಅಚ್ಚಿನ ಯಂತ್ರದ ತಂತಿಯನ್ನು ಜೋಡಿಸಿದಳು, ಎರಡೆರಡು ಸಲ ನೋಡಿದಳು. ತೆಳ್ಳಗಿನ ಸ್ಕ್ರೂಡ್ರೈವರ್ ಹಿಡಿದು ತಿರುಪನ್ನು ಎಳ್ಳಷ್ಟು ತಿರುಗಿಸಿದಳು. ಡಿಸ್ಕ್ ಇಲ್ಲ. ಇನ್ನೂ ಎಳ್ಳಷ್ಟು. ಬಿಲ್ಲೆ ತಿರುಗಿ ನಿಂತಿತು. ಇನ್ನೂ ಸ್ವಲ್ಪ. ಬಿಲ್ಲೆ ಸರ್ರನೆ ತಿರುಗತೊಡಗಿತು.

"ಪ್ರಯಾಣಿಕರ ಗಮನಕ್ಕೆ."

ಅಬ್ಬಾ, ಆ ಧ್ವನಿ! ಎಷ್ಟೋ ದಿನಗಳಿಂದ ಇಷ್ಟು ಸ್ವಚ್ಛವಾಗಿ ಕೇಳಿರಲಿಲ್ಲ. ಮೂಲೆಯಲ್ಲಿ ಬಸಲಿಂಗವ್ವ ಎರಡೂ ಕೈ ಎತ್ತಿ ಮುಗಿದಳು. ಇನಾಮದಾರ ಮೇಡಂ ಪದವಿ ಗಿದವಿ ಮರೆತು, "ಹೌದು ಹುಲಿಯಾ!" ಅಂದರು. ಹುಬ್ಬಳ್ಳಿಗೆ ಬಸ್ಸು ಹೊರಟಿತು, ಲಕ್ಷ್ಮೇಶ್ವರಕ್ಕೆ ಹೊರಟಿತು, ಮುಂಡರಗಿಯ ಬಸ್ಸಿನ ಪ್ರಯಾಣಿಕರು ಸಾಲಾಗಿ ಹತ್ತಬೇಕೆಂದು ವಿನಂತಿಸಲಾಯಿತು. ಮುರಿಗೆಪ್ಪ ತನ್ನ ಮಾತಿಗೆ ತಾನೇ ತುಟಿ ಆಡಿಸುತ್ತ ನಿಂತಿದ್ದ, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅಚ್ಚಿನ ಯಂತ್ರದ ಪರದೆಯಲ್ಲಿ ಒಂದು ಗೆರೆ ನಿಧಾನವಾಗಿ ಬೆಳೆಯುತ್ತಿತ್ತು. ಕಾಲುಭಾಗ ಆಯಿತು, ಅರ್ಧದ ಹತ್ತಿರ ಬಂತು.

"ನರಗುಂದಕ್ಕೆ ಹೋಗುವ ಬಸ್ಸು ಐದನೆಯ—"

ಅಲ್ಲಿಗೆ ನಿಂತಿತು. ತೊದಲಲಿಲ್ಲ, ಗೊರಗೊರ ಅನ್ನಲಿಲ್ಲ. ಬಿಲ್ಲೆ ತಾನಾಗಿ ನಿಧಾನವಾಯಿತು.

ನೀಲಗಂಗಾ ಮಾಪಕ ಹಿಡಿದಳು. ಬೆಳಕೇ ಇರಲಿಲ್ಲ. ಮುಪ್ಪಾದ ಹರಳು ಮಂಕಾಗುತ್ತ ಮಂಕಾಗುತ್ತ ಆರುತ್ತದೆ; ಇದು ಹಾಗೆ ಆರಲಿಲ್ಲ, ಒಂದೇ ಏಟಿಗೆ ಸುಟ್ಟಿತ್ತು. ಸುಡುವುದು ಗಟ್ಟಿಮುಟ್ಟಾದ ಹರಳು, ತಾಳಲಾರದಷ್ಟು ವಿದ್ಯುತ್ ಕೊಟ್ಟಾಗ. ಇದು ಅವಳಿಗೆ ಚೆನ್ನಾಗಿ ಗೊತ್ತಿದ್ದ ಸಂಗತಿ.

ಅಚ್ಚಿನ ಯಂತ್ರ ಒಂದು ಸಲ ಸದ್ದು ಮಾಡಿ ಅಕ್ಷರ ಮೂಡಿಸಿತು: 'ಮಾದರಿ ಸಾಲದು. ಅಳಿಸಲಾಗಿದೆ.'

"ಅಳಿಸ್ತಂತ?" ಮೇಡಂ ಗುಂಡಿಗಳನ್ನು ಬಡಿದರು. "ಏ, ತಡಿ! ತಡಿಯೋ!" ಅದು ತಡೆಯಲಿಲ್ಲ. ಜಾಗ ಕಡಿಮೆಯಿದ್ದ ಯಂತ್ರ, ಅರೆಬರೆಯದನ್ನು ಇಟ್ಟುಕೊಳ್ಳದ ಹಾಗೆ ಅದನ್ನು ಕಟ್ಟಿದ್ದರು.

ಮುರಿಗೆಪ್ಪ ಅವ್ವನನ್ನು ಎಬ್ಬಿಸಿ ಹೊರಗಿನ ಕಟ್ಟೆಗೆ ಕರೆದೊಯ್ದ. ಒಳಗೆ ನೀಲಗಂಗಾ, ಈಗ ಯಾವ ಭಯವೂ ಇಲ್ಲದ್ದರಿಂದ, ಆ ನಾಲ್ಕು ತಂತಿಗಳನ್ನು ಕತ್ತರಿಸಿ ಮಸೂರವನ್ನು ಎತ್ತಿದಳು. ಕೆಳಗಿನ ಕನ್ನಡಿ ಕಾಣಿಸಿತು. ಅಕ್ಕಿಕಾಳಿನಷ್ಟು ಅಗಲದ ಕನ್ನಡಿ. ಅದರ ಮೇಲೆ ಕಂದು ಬಣ್ಣದ ಒಂದು ಪೊರೆ ಕಟ್ಟಿತ್ತು. ಮಸೂರದ ಒಳಮೈಯಲ್ಲೂ ಅದೇ ಪೊರೆ.

ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದಳು. ಒಂದೇ ಒರೆಸಿಗೆ ಕನ್ನಡಿ ಫಳಫಳ ಹೊಳೆಯಿತು. ಹತ್ತಿ ಕಂದಾಗಿತ್ತು. ಮೂಗಿನ ಹತ್ತಿರ ತಂದಳು. ಸ್ಪಿರಿಟ್ಟು ಆರಿದ ಮೇಲೆ ಆ ಹತ್ತಿಯಿಂದ ಸಂಜೆಯ ತನ್ನ ಮನೆಯ ವಾಸನೆ ಬಂತು.

ಅದನ್ನು ಮೇಡಂಗೆ ಕೊಟ್ಟಳು. ಅವರೂ ಮೂಸಿದರು. ಅವರ ಮನೆಯಲ್ಲೂ ಮೊಮ್ಮಗಳಿಗೆ ಎಣ್ಣೆ ನೀರು ಹಾಕಿದ ಮೇಲೆ ಅದೇ ಹೊಗೆ ಹಿಡಿಯುತ್ತಿದ್ದರು, ಅವರಿಗೆ ತಿಳಿಯದ್ದಲ್ಲ.

"ಲೋಬಾನ," ಅಂದರು ಮೆಲ್ಲಗೆ. "ಹರಳಿಗೆ ಏನೂ ಆಗಿರಲಿಲ್ಲ."

"ಇಲ್ರಿ. ಒರೆಸಿದ್ರ ಆಗ್ತಿತ್ತು." ಅಂದಳು ನೀಲಗಂಗಾ. "ನೀವು ಹೇಳಿದ್ರಿ ಮೇಡಂ, ಕನ್ನಡಿ ನೋಡು ಅಂತ. ನಾನ ಶಾಣ್ಯಾಕಿ, ಬ್ಯಾಡ ಅಂದೆ. ನನ್ನ ಮನಿ ಗಾಳಿ ಹ್ಯಾಂಗೈತಿ ಅನ್ನೂದು ನನಗ ನೆನಪಾಗಲಿಲ್ಲ. ಹತ್ತು ವರ್ಷ ಬದುಕೂದನ್ನ ಸುಟ್ಟು ಹಾಕಿದೆ." ಮೇಡಂ ಹತ್ತಿಯನ್ನು ಕಸದ ಡಬ್ಬಿಗೆ ಹಾಕಿದರು.

ಗಂಡನಿಗೆ ಅವಳು ದಾರಿಯಲ್ಲೇ ಎಲ್ಲಾ ಹೇಳಿದಳು, ಹೇಳದೆ ಇರಲು ಆಗಲಿಲ್ಲ. ಅವನು ನಿಂತು ಕೇಳಿದ. ಟಾಂಗಾದಲ್ಲಿ ಮುಂದೆ ಹೋಗುತ್ತಿದ್ದ ಅವ್ವನ ಕಡೆ ಬೆರಳು ತೋರಿಸಿ, ಆ ಬೆರಳನ್ನು ತನ್ನ ತುಟಿಯ ಮೇಲೆ ಅಡ್ಡ ಇಟ್ಟ. ಅವ್ವನಿಗೆ ಹೇಳಬೇಡ. ಅವಳು ತಲೆಯಾಡಿಸಿದಳು.

ಸೋಮವಾರಕ್ಕೆ ಮೊದಲು ಅವನ ಕೊರಳಿಗೂ ಪಟ್ಟಿ ಕಟ್ಟಿದರು. ಅವನಿಗೆ ಮನಸ್ಸಿರಲಿಲ್ಲ, ಮಾತಾಡದ ಬಾಯಿಗಿಂತ ಯಾವುದೋ ಒಂದು ಮಾತಾದರೂ ಇರಲಿ ಅಂತ ನೀಲಗಂಗಾಳೇ ಒತ್ತಾಯ ಮಾಡಿದಳು. ಮನೆಗೆ ಬಂದು ಹೊಸ್ತಿಲಲ್ಲಿ ನಿಂತು ಅವನು ಬಾಯಿ ತೆರೆದ.

"ಅವ್ವಾ," ಅಂದಿತು ಪಟ್ಟಿ, ವಾರ್ತೆ ಓದುವವರ ಹಾಗೆ.

ಅಕ್ಕಿ ಆರಿಸುತ್ತಿದ್ದ ಬಸಲಿಂಗವ್ವ ಗಡಬಡಿಸಿ ಎದ್ದಳು, ಸೆರಗನ್ನು ತಲೆಯ ತುಂಬ ಹೊದ್ದುಕೊಂಡಳು. "ಬರ್ರಿ, ಒಳಗ ಬರ್ರಿ. ಕೂಡ್ರಿ. ಮಗ ಇನ್ನೇನು ಬರ್ತಾನ."

"ಅತ್ತಿ, ಅವರ ಬಂದಾರ. ಪಟ್ಟಿ ಕಟ್ಟ್ಯಾರ," ಅಂದಳು ನೀಲಗಂಗಾ.

ಮುರಿಗೆಪ್ಪ ಹೋಗಿ ಕೈ ಹಿಡಿದ. ಬಸಲಿಂಗವ್ವ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಹೌದು, ಮಗನೇ. "ಹೂಂ, ನೀನ," ಅಂದಳು. ಆದರೆ ಅವನು ಮತ್ತೆ "ಅವ್ವಾ" ಅಂದ ಕೂಡಲೆ ಆಕೆಯ ಇನ್ನೊಂದು ಕೈ ತಾನಾಗಿ ಸೆರಗನ್ನು ಮುಂದಕ್ಕೆ ಎಳೆದುಕೊಂಡಿತು. ಮೂರನೆಯ ಸಲ ಅವನು ಕರೆಯಲಿಲ್ಲ. ಪಟ್ಟಿಯನ್ನು ಬಿಚ್ಚಿ ಮಾಡದಲ್ಲಿ, ಕೇಂದ್ರದಿಂದ ಮರಳಿ ತಂದಿದ್ದ ಪ್ಲೇಯರಿನ ಪಕ್ಕ ಇಟ್ಟ, ಆಮೇಲೆ ಮನೆಯಲ್ಲಿ ಅದನ್ನು ಮುಟ್ಟಲಿಲ್ಲ.

ಸಂಜೆಯಾಯಿತು. ಅಭ್ಯಾಸಬಲದಿಂದ ಬಸಲಿಂಗವ್ವ ಮಾಡದ ಕೆಳಗೆ ಬಂದು ಕೂತಳು. ಅಭ್ಯಾಸಬಲದಿಂದಲೇ ಮುರಿಗೆಪ್ಪ ಗುಂಡಿ ಒತ್ತಿದ. ಮಸೂರವಿಲ್ಲದ ಗಾಡಿ ಒಳಗೆ ಒಮ್ಮೆ ಅತ್ತಿತ್ತ ಸರಿದಾಡಿ ನಿಂತಿತು. ಡಿಸ್ಕ್ ಇಲ್ಲ.

"ನೀಲಾ," ಅಂದಳು ಬಸಲಿಂಗವ್ವ. "ಯಾಕ ಕೆಟ್ಟಿತ ಯವ್ವಾ ಅದು?"

"ವಯಸ್ಸಾಗಿತ್ತು ಅತ್ತಿ."

ಮುದುಕಿ ತಪ್ಪು ಮಾಡಿದವಳ ಹಾಗೆ ದನಿ ತಗ್ಗಿಸಿ ಹೇಳಿದಳು. "ನಾ ದಿನಾ ಹಿಡೀತಿದ್ನೆವ್ವಾ. ನೀ ಬರೂದಕ್ಕ ಮೊದಲ ಇವನ ಕೈಲೆ ಅದರ ಬಾಯಿ ತೆರೆಸಿ, ಒಳಗ ಹೊಗಿ ಹೋಗೂಹಂಗ ಲೋಬಾನ ಹಿಡೀತಿದ್ದೆ. ಸಣ್ಣಾಂವ ಇದ್ದಾಗ ಎರೆದ ಮ್ಯಾಲೆ ಇವಗ ಹಿಡೀತಿದ್ನಲ್ಲ, ಹಂಗ. ನಡುವ ಜಡ್ಡಾಗಿ ಮಲಗಿದಾಗ ನಾಕು ದಿನ ತಪ್ಪಿಸೀನಿ. ಅದಕ್ಕ ದೃಷ್ಟಿ ತಾಗಿತೇನ? ಕಡಿಮಿ ಬಿತ್ತೇನ, ನಾ ಹಿಡಿದದ್ದು?"

ಮುರಿಗೆಪ್ಪ ಗೋಡೆಯ ಕಡೆ ಮುಖ ಮಾಡಿದ. ತಟ್ಟೆಯನ್ನು ಹೊರಗೆ ತೆಗೆದುಕೊಟ್ಟದ್ದು ಅವನೇ, ದಿನಾ ಸಂಜೆ.

"ಇಲ್ಲ ಅತ್ತಿ," ಅಂದಳು ನೀಲಗಂಗಾ. "ಕಡಿಮಿ ಬಿದ್ದಿಲ್ಲ."

"ಹಂಗಾರ ಇವತ್ತೂ ಹಿಡೀತೀನಿ. ಏನರ ಆದೀತು, ಯಾರಿಗೆ ಗೊತ್ತು?"

ನೀಲಗಂಗಾ ಅಡುಗೆಮನೆಗೆ ಹೋಗಿ ಒಲೆಯಿಂದ ಕೆಂಡ ತಂದು ಧೂಪದ ಬಟ್ಟಲಿಗೆ ಹಾಕಿದಳು. ಮುರಿಗೆಪ್ಪ ಗುಂಡಿ ಒತ್ತಿದ, ತಟ್ಟೆ ಹೊರಗೆ ಬಂತು. ಬಸಲಿಂಗವ್ವ ಲೋಬಾನದ ಪುಡಿ ಉದುರಿಸಿ, ಬಟ್ಟಲನ್ನು ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಹೊಗೆಯನ್ನು ಮೆಲ್ಲಗೆ ಒಳಗೆ ಬೀಸತೊಡಗಿದಳು.